ಬೈಸಿಕಲ್ಲಿನ ಮೇಲೆ ಬಯಲುಸೀಮೆ: ಚಳ್ಳಕೆರೆ-ಮೊಳಕಾಲ್ಮೂರುಗಳಲ್ಲಿ ಋತುಸಂಚಾರ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೋಶವನ್ನು ಕೊಂಡು ತರುವುದು ಈಗ ಸುಲಭವಾಗಿದೆ. ದೇಶವನ್ನು ಸುತ್ತುವುದೂ ಸುಲಭವಾಗಿದೆಯೆಂದು ಜನ ತಿಳಿದಿರುವರು. ಆದರೆ ಮೋಟಾರಿನಲ್ಲಿ ಕುಳಿತು, ಗಾಜಿನ ಕಿಟಕಿಯನ್ನು ಮುಚ್ಚಿಕೊಂಡು, ಗಂಟೆಗೆ ನೂರು ಕಿಲೋಮೀಟರಿನ ವೇಗದಲ್ಲಿ ಊರೂರುಗಳನ್ನು ಹಿಂದಿಕ್ಕುತ್ತ ಹೋಗುವುದನ್ನು ದೇಶಸಂಚಾರವೆನ್ನಬಹುದೇ ಎಂಬುದು ವಿಚಾರ ಮಾಡತಕ್ಕ ವಿಷಯ. ಪಾದಚಾರಿಗೆ ಕಾಲ ಸಾಲದು, ಮೋಟಾರಿನವನಿಗೆ ಕಣ್ಣು ಸಾಲದು. ಈ ಇಬ್ಬರ ನಡುವೆ ಇರುವವನು ಬೈಸಿಕಲ್ಲಿನವನು. ಹೊಲದಲ್ಲಿ ಕೆಲಸ ಮಾಡುವವರ ಮಾತು ಅವನಿಗೆ ಕೇಳಿಸುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆ ಅವನಿಗೆ ಬರುತ್ತದೆ. ಬೇಕೆಂದಲ್ಲಿ ಇಳಿದು ನಿಲ್ಲಲು ಅವನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಯೂರೋಪು ಅಮೆರಿಕಗಳಲ್ಲಿ ದ್ರಾಕ್ಷಾರಸ ತಯಾರಾಗುವ ಪ್ರಾಂತಗಳಿಗೆ, ಉದಾಹರಣೆಗೆ ಫ್ರಾನ್ಸಿನ ಬೋರ್ಡೋ ಸೀಮೆಗೂ ಕ್ಯಾಲಿಫೋರ್ನಿಯದ ನಾಪಾ ಕಣಿವೆಗೂ, ಪ್ರವಾಸಿಗರನ್ನು ಬೈಸಿಕಲ್ಲಿನ ಮೇಲೆ ಕರೆದೊಯ್ಯುವ ಪದ್ಧತಿಯುಂಟು. ದಾರಿ ಬಲ್ಲವನೊಬ್ಬನು ಮುಂದೆ ಹೋಗುವನು. ತೋಟ, ಹಳ್ಳಿ, ಹಳೆಯ ಕೋಟೆಗಳನ್ನು ತೋರಿಸುವನು. ಹೊಳೆಯಿದ್ದಲ್ಲಿ ಸಣ್ಣ ದೋಣಿಗಳಲ್ಲಿ ಕುಳ್ಳಿರಿಸಿ ನೀರಿನ ಮೇಲೂ ಅಡ್ಡಾಡಿಸುವನು. ವಸಂತದಲ್ಲಿ ಬಳ್ಳಿ ಚಿಗುರುವುದು, ಶರತ್ಕಾಲದಲ್ಲಿ ಗೊಂಚಲು ಕೊಯ್ಯುವುದು, ಹೀಗೆ ಒಂದೊಂದು ಋತುವಿಗೆ ಒಂದೊಂದು ನೋಟ. ಇದರಿಂದ ಬಂದವರಿಗೆ ಆನಂದವೂ ಊರಿನವರಿಗೆ ನಾಲ್ಕು ಕಾಸಿನ ಸಂಪಾದನೆಯೂ ಆಗುವುದು. ನಮ್ಮಲ್ಲಿಯೂ ದ್ರಾಕ್ಷಿಯ ಸೀಮೆಗಳುಂಟು. ನಂದಿಬೆಟ್ಟದ ತಪ್ಪಲು, ವಿಜಯಪುರದ ಬಯಲು ಎಲ್ಲರಿಗೂ ತಿಳಿದವೇ. ಆದರೆ ಇಂಥ ಸಂಚಾರಕ್ಕೆ ದ್ರಾಕ್ಷಿಯೇ ಬೇಕೆಂಬ ನಿಯಮವೇನೂ ಇಲ್ಲ. ನೋಡುವ ಕಣ್ಣಿಗೆ ಶೇಂಗಾ ಹೊಲವೂ ಹುಲ್ಲುಗಾವಲೂ ಸಾಕು ಎಂಬುದನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಲೇಖನದಲ್ಲಿ ಹೇಳಲು ಯತ್ನಿಸಿದೆ.

ಸೀಮೆಯ ಸ್ವರೂಪ

ಇದು ಮಳೆಯ ನೆರಳಿನಲ್ಲಿರುವ ನಾಡು. ವರ್ಷಕ್ಕೆ ಬೀಳುವ ಮಳೆ ಇಪ್ಪತ್ತು ಅಂಗುಲದ ಆಸುಪಾಸು. ಅದರಲ್ಲಿ ಹೆಚ್ಚು ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಬರುವುದು. ಕರ್ನಾಟಕದಲ್ಲಿ ಇದಕ್ಕಿಂತ ಕಡಮೆ ಮಳೆ ಬೀಳುವ ತಾಲ್ಲೂಕುಗಳು ವಿರಳ. ಮಳೆ ಹೀಗೆ ಜಿಪುಣತನ ಮಾಡಿದರೂ ಇಲ್ಲಿಯ ರೈತನು ಶೇಂಗಾ, ನವಣೆ, ಸಜ್ಜೆ, ರಾಗಿ, ತೊಗರಿ, ಈರುಳ್ಳಿಗಳನ್ನು ಬೆಳೆದು ಬದುಕುತ್ತ ಬಂದಿರುವನು. ಶೇಂಗಾದಿಂದಲೇ ಚಳ್ಳಕೆರೆಯು ಎಣ್ಣೆಯ ಗಿರಣಿಗಳ ಊರೆಂದು ಹೆಸರು ಪಡೆಯಿತು. ಕುರಿ ಸಾಕುವ ಕುರುಬರು ನೇಯುವ ಕರಿಯ ಕಂಬಳಿಗೂ ಈ ಊರು ಪ್ರಸಿದ್ಧ. ಹುಣಸೆಬೀಜದ ಗಂಜಿಯನ್ನು ಕುಡಿಸಿ ನೇಯ್ದ ಆ ಕಂಬಳಿ ಮಳೆಗೂ ಚಳಿಗೂ ಒಂದೇ ಸಮನಾಗಿ ಒದಗುವುದೆಂಬುದನ್ನು ನಮ್ಮ ಮನೆಗಳ ಹಿರಿಯರು ಬಲ್ಲರು.

ಮೊಳಕಾಲ್ಮೂರು ಇದಕ್ಕಿಂತ ಕಲ್ಲಿನ ನಾಡು. ಬಂಡೆಯ ಮೇಲೆ ಬಂಡೆಯನ್ನು ಯಾರೋ ಪೇರಿಸಿಟ್ಟಂತೆ ಕಾಣುವ ಗುಡ್ಡಗಳು, ಅವುಗಳ ಸಂದಿನಲ್ಲಿ ಸೀತಾಫಲದ ಪೊದೆಗಳು, ಕೆಳಗೆ ಮಗ್ಗದ ಸದ್ದಿನ ಓಣಿಗಳು. ಎರಡು ತಾಲ್ಲೂಕುಗಳಲ್ಲಿಯೂ ಮ್ಯಾಸಬೇಡರು ಮತ್ತು ಕಾಡುಗೊಲ್ಲರು ಬಹು ಸಂಖ್ಯೆಯಲ್ಲಿರುವರು. ದ್ರಾಕ್ಷಾರಸದ ಸೀಮೆಗಳ ಪ್ರಸ್ತಾಪ ಬಂದುದರಿಂದ ಇಲ್ಲಿಯೇ ಹೇಳಬೇಕಾದ ಒಂದು ಸಂಗತಿಯುಂಟು: ಮ್ಯಾಸಬೇಡರ ಕಟ್ಟುಕಟ್ಟಳೆಯಲ್ಲಿ ಹೆಂಡ ಮಾತ್ರವಲ್ಲ, ಹೆಂಡ ಕೊಡುವ ಈಚಲ ಮರವೂ ನಿಷಿದ್ಧ. ಹಳೆಯ ಆಚಾರವನ್ನು ಪಾಲಿಸುವವರು ಆ ಮರವನ್ನು ಮುಟ್ಟರು, ಅದರ ಚಾಪೆಯನ್ನು ಮನೆಗೆ ತಾರರು. ಮದ್ಯದ ಹೆಸರಿನಿಂದ ಪ್ರವಾಸಿಗರನ್ನು ಕರೆಯುವ ನಾಡುಗಳಿರುವಂತೆ ಮದ್ಯದ ಮರದ ನೆರಳನ್ನೂ ದೂರವಿಡುವ ನಾಡೂ ಒಂದು ಇದೆಯೆಂಬುದು ಪ್ರವಾಸಿಗೆ ತಿಳಿದಿರಬೇಕು. ಏಕೆಂದರೆ ಆ ಊರುಗಳಲ್ಲಿ ಅತಿಥಿಯಾಗಿ ನಿಲ್ಲುವವನು ಅವರ ಮರ್ಯಾದೆಯನ್ನು ಕಾಯಬೇಕಾಗುತ್ತದೆ.

ಹೊರಡುವ ಮುನ್ನ

ಚಳ್ಳಕೆರೆಗೆ ಬರುವುದು ಕಷ್ಟವಲ್ಲ. ಚಿತ್ರದುರ್ಗದಿಂದ ಸುಮಾರು ೩೦ ಕಿಲೋಮೀಟರು. ಚಿಕ್ಕಜಾಜೂರು-ಬಳ್ಳಾರಿ ರೈಲುಮಾರ್ಗದಲ್ಲಿ ಇಲ್ಲಿ ನಿಲ್ದಾಣವೂ ಉಂಟು. ಹಿರಿಯೂರಿನಿಂದ ಚಳ್ಳಕೆರೆಯ ಮೇಲೆ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳ ಓಡಾಟ ವಿಶೇಷವಾಗಿರುವುದರಿಂದ, ಬೈಸಿಕಲ್ಲಿನವರು ಆದಷ್ಟೂ ಒಳದಾರಿಗಳನ್ನು ಹಿಡಿಯುವುದು ಲೇಸು. ಒಳದಾರಿಗಳು ಕವಲೊಡೆಯುವುವು, ಕಲ್ಲುಕಂಬದ ಮೇಲಿನ ಹೆಸರು ಅಳಿಸಿಹೋಗಿರುವುದು, ಆದುದರಿಂದ ಊರಿನ ಯುವಕನೊಬ್ಬನನ್ನು ದಾರಿ ತೋರಿಸಲು ಜೊತೆಗೆ ಕರೆದುಕೊಳ್ಳಬೇಕು. ಅವನಿಗೆ ಕೊಡುವ ದಿನಗೂಲಿಯನ್ನು ಹೊರಡುವ ಮೊದಲೇ ಮಾತನಾಡಿಕೊಂಡು, ಸಂಜೆ ಸಂತೋಷದಿಂದ ಕೊಡತಕ್ಕದ್ದು.

ಬೈಸಿಕಲ್ಲು ಹೊಸದಾಗಿರಬೇಕಾಗಿಲ್ಲ. ೨೦೦೬-೦೭ರಿಂದ ಹಲವು ವರ್ಷಗಳ ಕಾಲ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಹಂಚಿದ್ದಿತಷ್ಟೆ. ಅವುಗಳಲ್ಲಿ ಎಷ್ಟೋ ಇನ್ನೂ ಹಳ್ಳಿಯ ಮನೆಗಳ ಗೋಡೆಗೆ ಒರಗಿಕೊಂಡಿವೆ. ಬ್ರೇಕು, ಸರಪಣಿ, ಚಕ್ರದ ಕಡ್ಡಿಗಳನ್ನು ನೋಡಿಸಿ ಎಣ್ಣೆ ಹಾಕಿಸಿದರೆ ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರಿನ ದಾರಿಗೆ ಧಾರಾಳವಾಗಿ ಸಾಕು. ಒಂದು ಎಚ್ಚರ ಮಾತ್ರ ಅವಶ್ಯ. ಈ ಸೀಮೆಯ ರಸ್ತೆಬದಿಗಳಲ್ಲೆಲ್ಲ ಬಳ್ಳಾರಿ ಜಾಲಿಯು ಹಬ್ಬಿದೆ. ಅದರ ಮುಳ್ಳು ಟೈರನ್ನು ತೂರಿ ಟ್ಯೂಬಿಗೆ ಇಳಿಯುವುದು. ಗಾಳಿಪಂಪು, ಪಂಕ್ಚರಿನ ತೇಪೆ, ಅಂಟು, ಒಂದು ಹೆಚ್ಚಿನ ಟ್ಯೂಬು ಇವು ಚೀಲದಲ್ಲಿ ಇರಲೇಬೇಕು. ಬೈಸಿಕಲ್ಲನ್ನು ಜಾಲಿಯ ಕೆಳಗೆ ಎಂದಿಗೂ ನಿಲ್ಲಿಸಬಾರದು.

ನೀರು ತಲೆಗೆ ಮೂರು ಲೀಟರಿಗೆ ಕಡಮೆಯಾಗಬಾರದು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಹುರಿಹಿಟ್ಟು ಇವುಗಳಿಗಿಂತ ಒಳ್ಳೆಯದಿಲ್ಲ. ಬಿಸಿಲಿಗೆ ಕೆಡವು, ಹೊಟ್ಟೆಗೆ ಭಾರವಾಗವು. ತಲೆಗೆ ಶಿರಸ್ತ್ರಾಣ, ಕತ್ತಿಗೆ ಒದ್ದೆ ಮಾಡಿಕೊಳ್ಳಲು ಒಂದು ಹತ್ತಿಯ ವಸ್ತ್ರ ಇರಲಿ. ಹೆಣ್ಣುಮಕ್ಕಳನ್ನು ಇಂಥ ಸಂಚಾರಕ್ಕೆ ಕಳುಹಿಸುವುದು ಹೇಗೆಂದು ಶಂಕಿಸುವ ತಾಯಂದಿರುಂಟು. ಇಡೀ ಸಂಸಾರವೇ ಹೊರಟರೆ ಆ ಶಂಕೆಗೆ ಎಡೆಯೆಲ್ಲಿ? ತಂದೆ ತಾಯಿ ಮಕ್ಕಳು ಒಟ್ಟಾಗಿ ಪೆಡಲು ತುಳಿದ ಒಂದು ದಿನವು ಮಕ್ಕಳ ನೆನಪಿನಲ್ಲಿ ಹತ್ತು ವರ್ಷ ಉಳಿಯುವುದು.

ಮುಂಗಾರು: ಗಾಳಿಯ ಕಾಲ

ಆಷಾಢ ಶ್ರಾವಣಗಳಲ್ಲಿ ಮಲೆನಾಡಿನಲ್ಲಿ ಮಳೆ ಸುರಿಯುತ್ತಿರುವಾಗ ಇಲ್ಲಿ ಬರುವುದು ಗಾಳಿ. ಪಶ್ಚಿಮ ನೈಋತ್ಯಗಳಿಂದ ಬೀಸುವ ಆ ಗಾಳಿಗೆ ಎದುರಾಗಿ ಬೈಸಿಕಲ್ಲು ತುಳಿಯುವುದು ಏರುದಾರಿಯನ್ನು ತುಳಿದಂತೆಯೇ ಸರಿ. ಬುದ್ಧಿವಂತನು ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಚಳ್ಳಕೆರೆಯಿಂದ ಉತ್ತರಕ್ಕೆ ಹೊರಡುವನು. ಮರಳುವಾಗ ಬಸ್ಸಿನ ಮೇಲೆ ಬೈಸಿಕಲ್ಲನ್ನು ಹೇರಿಸಿಬಿಡುವನು.

ಈ ಕಾಲದಲ್ಲಿ ನೋಡತಕ್ಕದ್ದು ಬಿತ್ತನೆ. ಆರಿದ್ರೆ, ಪುನರ್ವಸು ಮಳೆಗಳಿಗೆ ನೆಲ ಒದ್ದೆಯಾಯಿತೆಂದರೆ ಶೇಂಗಾ ಬೀಜ ಮಣ್ಣಿಗೆ ಬೀಳುವುದು. ಮನೆಯಲ್ಲಿ ಉಳಿಸಿಟ್ಟ ಬೀಜವೂ ಸಾಲ ಮಾಡಿ ತಂದ ಬೀಜವೂ ಒಂದೇ ಮಳೆಯನ್ನು ನಂಬಿ ನೆಲಕ್ಕೆ ಹೋಗುವುವು. ಮುಂದೆ ಮೂರು ವಾರ ಮೋಡ ಬರಿದೇ ಹಾದುಹೋದರೆ ಆ ವರ್ಷದ ಬದುಕೇ ತಲೆಕೆಳಗು. ನಮ್ಮ ಅಡಿಗೆಮನೆಯ ಎಣ್ಣೆಯ ಡಬ್ಬದ ಹಿಂದೆ ಇಂಥ ಪಂದ್ಯವೊಂದು ನಡೆದಿರುವುದೆಂದು ಪಟ್ಟಣದ ಮಕ್ಕಳು ಕಣ್ಣಾರೆ ನೋಡಿ ತಿಳಿಯುವುದು ಒಳ್ಳೆಯದು.

ಚಳ್ಳಕೆರೆಯ ಸಮೀಪದ ದೊಡ್ಡೇರಿಗೆ ಈ ಕಾಲದಲ್ಲಿ ಅರ್ಧ ದಿನದ ಸಂಚಾರವನ್ನು ಮಾಡಬಹುದು. ಇಂದು ಶಾಂತವಾದ ಹಳ್ಳಿಯಾಗಿರುವ ಈ ಊರು ೧೬೯೫ರಲ್ಲಿ ದೊಡ್ಡದೊಂದು ಮುತ್ತಿಗೆಯನ್ನು ಕಂಡಿತು. ಔರಂಗಜೇಬನ ಸರದಾರನಾದ ಕಾಸಿಂಖಾನನ ಸೈನ್ಯವನ್ನು ಮರಾಠರ ಸಂತಾಜಿ ಘೋರ್ಪಡೆಯು ಇಲ್ಲಿ ಸುತ್ತುಗಟ್ಟಿ ಹಿಡಿದನು. ಅನ್ನ ಹುಲ್ಲುಗಳಿಲ್ಲದೆ ಕಂಗೆಟ್ಟ ಮೊಗಲ ಸೈನ್ಯವು ಶರಣಾಯಿತು. ಕಾಸಿಂಖಾನನು ಇಲ್ಲಿಯೇ ಪ್ರಾಣ ಬಿಟ್ಟನು.

ಭಾದ್ರಪದದಲ್ಲಿ ಗೌರಸಮುದ್ರದ ಮಾರಮ್ಮನ ಜಾತ್ರೆ. ರೈತರು ತಾವು ಬೆಳೆದ ಈರುಳ್ಳಿಯನ್ನು ದೇವಿಯ ಮೇಲೆ ತೂರಿ ಹರಕೆ ಒಪ್ಪಿಸುವರು. ಜನಸಂದಣಿ ಅಪಾರವಾಗಿರುವುದರಿಂದ ಬೈಸಿಕಲ್ಲುಗಳನ್ನು ಊರ ಹೊರಗೆ ಯಾರಾದರೊಬ್ಬರ ಮನೆಯಲ್ಲಿ ಬಿಟ್ಟು ನಡೆದು ಹೋಗುವುದೇ ಸರಿಯಾದ ಕ್ರಮ.

ಸುಗ್ಗಿಯಿಂದ ಸಂಕ್ರಾಂತಿಯವರೆಗೆ

ಸಂಚಾರಕ್ಕೆ ಅತ್ಯುತ್ತಮವಾದ ಕಾಲವೆಂದರೆ ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಮೂರು ತಿಂಗಳು. ಗಾಳಿ ತಗ್ಗಿರುತ್ತದೆ, ಮುಂಜಾವಿನ ಚಳಿ ಹಿತವಾಗಿರುತ್ತದೆ, ಹೊಲಗಳಲ್ಲಿ ಶೇಂಗಾ ಕಿತ್ತು ಬಣವೆ ಒಟ್ಟುತ್ತಿರುತ್ತಾರೆ. ದಾರಿಹೋಕನಿಗೆ ಒಂದು ಬೊಗಸೆ ಹಸಿಕಾಯಿ ಕೊಡದೆ ಕಳುಹಿಸುವ ಪದ್ಧತಿ ಇಲ್ಲಿಲ್ಲ. ಎರಡು ಹಗಲು, ಒಂದು ರಾತ್ರಿಯ ಸಂಚಾರವನ್ನು ಈಗ ಇಟ್ಟುಕೊಳ್ಳಬೇಕು.

ಮೊದಲ ದಿನ ಚಳ್ಳಕೆರೆಯಿಂದ ತಳುಕಿನ ಮೇಲೆ ಮೊಳಕಾಲ್ಮೂರಿಗೆ. ದಾರಿ ಐವತ್ತು ಕಿಲೋಮೀಟರಿನ ಸುಮಾರು. ತಳುಕು ಸಣ್ಣ ಊರಾದರೂ ಕನ್ನಡ ಸಾಹಿತ್ಯದಲ್ಲಿ ದೊಡ್ಡ ಹೆಸರು. ಕುವೆಂಪು ಅವರ ಗುರುಗಳಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು, ಅವರ ತಮ್ಮ ತ. ಸು. ಶಾಮರಾಯರು, ಕಾದಂಬರಿಕಾರ ತ. ರಾ. ಸುಬ್ಬರಾಯರು ಈ ಊರಿನ ಮನೆತನಕ್ಕೆ ಸೇರಿದವರು. ಹೆಸರಿನ ಮೊದಲಲ್ಲಿ ನಿಂತಿರುವ ‘ತ’ಕಾರವು ಈ ಊರನ್ನೇ ಸೂಚಿಸುವುದೆಂದು ಮಕ್ಕಳಿಗೆ ತಿಳಿಸಿದರೆ ಅವರಿಗೆ ಆಶ್ಚರ್ಯವಾಗುವುದು.

ಎರಡನೆಯ ದಿನ ಮೊಳಕಾಲ್ಮೂರಿನಿಂದ ಬೆಳಗಿನ ಜಾವದಲ್ಲಿಯೇ ಹೊರಟು ಅಶೋಕ ಸಿದ್ದಾಪುರದ ದಾರಿ ಹಿಡಿಯಬೇಕು. ಚಿನ್ನ ಹಗರಿಯ ಬಯಲಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಇವನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಪತ್ತೆಮಾಡಿದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕ್ಷೇಮಸಮಾಚಾರ ಕೇಳಿ ಕಳುಹಿಸಿದ ರಾಜಾಜ್ಞೆ ಇದು. ತಾಯಿತಂದೆಗಳ ಸೇವೆ ಮಾಡಬೇಕು, ಗುರುಹಿರಿಯರಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಅದರ ಸಾರ. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲನೆಂದೂ ಅಲ್ಲಿ ಹೇಳಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಆದರೆ ಬರೆದವನಾದ ಚಪಡನು ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಕೆತ್ತಿರುವನು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಗಾಂಧಾರದ ಕಡೆಯ ವಿದ್ಯೆ ಬಲ್ಲವನೊಬ್ಬನು ಈ ಬಂಡೆಯ ಮುಂದೆ ಕುಳಿತು ಉಳಿ ಹಿಡಿದಿದ್ದನೆಂಬುದನ್ನು ಅಲ್ಲಿಯೇ ನಿಂತು ನೆನೆಯುವಾಗ ಮನಸ್ಸು ಬೆರಗಾಗದೆ ಇರದು.

ಬ್ರಹ್ಮಗಿರಿಯ ಬುಡದಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಅಗೆತವನ್ನು ನಡೆಸಿದರು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅದನ್ನು ಮುಂದುವರಿಸಿದರು. ನಯಮಾಡಿದ ಕಲ್ಲಿನ ಕೊಡಲಿಗಳ ಕಾಲ, ಬೃಹತ್ ಶಿಲಾಗೋರಿಗಳ ಕಾಲ, ಸಾತವಾಹನರ ಕಾಲದ ಸಂಸ್ಕೃತಿ ಹೀಗೆ ಒಂದರ ಮೇಲೊಂದು ಮೂರು ಪದರಗಳು ಅಲ್ಲಿ ಕಂಡುಬಂದುವು. ಮೇಲಿನ ಪದರದಲ್ಲಿ ದೊರೆತ ಒಂದು ಬಗೆಯ ಗೆರೆಚಿತ್ತಾರದ ಮಡಕೆಚೂರುಗಳು ಪುದುಚೇರಿಯ ಹತ್ತಿರದ ಅರಿಕಮೇಡಿನಲ್ಲಿಯೂ ದೊರೆತಿದ್ದುವು. ಅದೇ ಅರಿಕಮೇಡು ರೋಮ್ ದೇಶದಿಂದ ದ್ರಾಕ್ಷಾರಸವನ್ನು ತುಂಬಿ ತರುತ್ತಿದ್ದ ಜಾಡಿಗಳು ಸಿಕ್ಕಿದ ರೇವುಪಟ್ಟಣ. ಅಲ್ಲಿಯ ಪದರಗಳ ಕಾಲವನ್ನು ರೋಮಿನ ಸಾಮಾನುಗಳಿಂದ ತಿಳಿದುಕೊಂಡು, ಆ ಮಡಕೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಬ್ರಹ್ಮಗಿರಿಯ ಪದರಗಳಿಗೂ ವ್ಹೀಲರ್ ಅವರು ಕಾಲವನ್ನು ಗೊತ್ತುಮಾಡಿದರು. ಹೀಗೆ ದ್ರಾಕ್ಷಿಯ ನಾಡಿಗೂ ಈ ಕಲ್ಲಿನ ನಾಡಿಗೂ ದೂರದ ನಂಟೊಂದು ಉಂಟಾಯಿತು.

ಜಟಿಂಗ ರಾಮೇಶ್ವರ ಬೆಟ್ಟದ ಎತ್ತರ ಸುಮಾರು ೩,೪೬೯ ಅಡಿ. ರಾವಣನಿಗೆ ಅಡ್ಡ ಬಂದ ಜಟಾಯುವು ಇಲ್ಲಿಯೇ ಬಿದ್ದನೆಂದು ಜನರ ನಂಬಿಕೆ. ಬೈಸಿಕಲ್ಲುಗಳನ್ನು ಕೆಳಗೆ ಬಿಟ್ಟು ಮೆಟ್ಟಿಲು ಹತ್ತಬೇಕು. ಈ ಬೆಟ್ಟಗಳಲ್ಲಿಯೂ ಮೊಳಕಾಲ್ಮೂರಿನ ನುಂಕೆಮಲೆಯಲ್ಲಿಯೂ ಕರಡಿ ಚಿರತೆಗಳ ಸಂಚಾರವಿರುವುದರಿಂದ, ಹೊತ್ತು ಮುಳುಗುವ ಒಂದು ಗಂಟೆ ಮೊದಲೇ ಇಳಿದುಬರುವುದು ಕ್ಷೇಮ. ಶಾಸನದ ಬಂಡೆಯ ಮೇಲೆ ಸುಣ್ಣದಿಂದಾಗಲಿ ಕಲ್ಲಿನಿಂದಾಗಲಿ ಹೆಸರು ಗೀಚುವ ಮಕ್ಕಳನ್ನು ಅಲ್ಲಿಯೇ ತಡೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ. ಹಿಂದಿರುಗುವಾಗ ಮೊಳಕಾಲ್ಮೂರಿನ ಕೂಗುಬಂಡೆಯ ಮುಂದೆ ನಿಂತು ಕೂಗಲು ಅವರಿಗೆ ಬೇಕಾದಷ್ಟು ಸ್ವಾತಂತ್ರ್ಯವನ್ನು ಕೊಡಬಹುದು. ಆ ಬಂಡೆ ಕೂಗಿದ ಮಾತನ್ನು ಸ್ಪಷ್ಟವಾಗಿ ಹಿಂದಿರುಗಿಸುವುದು.

ಇದೇ ಕಾಲದಲ್ಲಿ, ಡಿಸೆಂಬರ್ ಜನವರಿಗಳ ಸುಮಾರಿಗೆ, ಚಳ್ಳಕೆರೆ ತಾಲ್ಲೂಕಿನಲ್ಲಿ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆ ನಡೆಯುವುದು. ಮುಳ್ಳಿನ ಕೊಂಬೆಗಳಿಂದಲೇ ಗುಡಿಯನ್ನು ಕಟ್ಟಿ, ಅದರ ತುದಿಯಲ್ಲಿ ಕಳಸವಿಟ್ಟು, ಬರಿಗಾಲಿನಲ್ಲಿ ಮುಳ್ಳನ್ನು ಏರಿ ಕಳಸವನ್ನು ಇಳಿಸುವರು. ಇದು ಅವರ ವ್ರತ. ಪರರ ಕಣ್ಣಿಗೆ ಮೋಜು ಆಗಬಾರದು. ದೂರದಲ್ಲಿ ನಿಂತು ಭಕ್ತಿಯಿಂದ ನೋಡುವವನಿಗೆ ಯಾರ ಅಡ್ಡಿಯೂ ಇಲ್ಲ.

ಮಾಘ ಫಾಲ್ಗುಣ: ಜಾತ್ರೆ ಮತ್ತು ಮಗ್ಗ

ಮಾಘ ಕಳೆದರೆ ಬಿಸಿಲು ಏರುವುದು. ಆಗ ಬೆಳಗಿನ ಆರರಿಂದ ಹತ್ತರವರೆಗೆ ಮಾತ್ರ ಬೈಸಿಕಲ್ಲು, ಆಮೇಲೆ ನೆರಳು. ಚಳ್ಳಕೆರೆಯಿಂದ ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರದ ನಾಯಕನಹಟ್ಟಿಗೆ ಈ ಹೊತ್ತಿನಲ್ಲಿ ಸುಖವಾಗಿ ಮುಟ್ಟಬಹುದು. ಅಲ್ಲಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದ ಪುಣ್ಯಪುರುಷರು. ದುಡಿದವನಿಗೆ ಅವನ ದುಡಿಮೆಗೆ ತಕ್ಕಷ್ಟು ಕೂಲಿ ಸಲ್ಲಬೇಕೆಂಬುದು ಅವರು ಬೋಧಿಸಿದ ತತ್ತ್ವವೆಂದು ಜನ ಇಂದಿಗೂ ನೆನೆಯುವರು. ಫಾಲ್ಗುಣ ಮಾಸದ ರಥೋತ್ಸವಕ್ಕೆ ಲಕ್ಷಾಂತರ ಜನ ಸೇರುವರು. ಭಕ್ತರು ಕೊಬ್ಬರಿಯನ್ನು ಸುಟ್ಟು ಹರಕೆ ತೀರಿಸುವರು. ಬರದ ನಾಡಿನಲ್ಲಿ ಕೆರೆ ಕಟ್ಟಿದವನೇ ದೇವರಾದನೆಂಬುದರಲ್ಲಿ ಸೋಜಿಗವೇನೂ ಇಲ್ಲ.

ಬಿಸಿಲು ಏರಿದ ಮೇಲಿನ ಹೊತ್ತನ್ನು ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಕಳೆಯುವುದು ಉಚಿತ. ಇಲ್ಲಿಯ ರೇಷ್ಮೆಯ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಅಂದರೆ ಬೇರೆ ಊರಿನಲ್ಲಿ ನೇಯ್ದುದನ್ನು ಈ ಹೆಸರಿನಿಂದ ಮಾರುವಂತಿಲ್ಲ. ಗುಂಡಿಯ ಮಗ್ಗದಲ್ಲಿ ಕುಳಿತ ನೇಕಾರನು ಒಡಲಿಗೆ ಒಂದು ಲಾಳಿ, ಎರಡು ಅಂಚುಗಳಿಗೆ ಎರಡು ಲಾಳಿ, ಹೀಗೆ ಮೂರು ಲಾಳಿಗಳನ್ನು ಆಡಿಸುವನು. ಒಡಲಿನ ಬಣ್ಣ ಅಂಚಿಗೆ ಹರಿಯದಂತೆ ಎಳೆಗೆ ಎಳೆಯನ್ನು ಕೊಂಡಿ ಹಾಕುತ್ತ ಹೋಗಬೇಕಾದುದರಿಂದ ಎರಡನೆಯವರ ಕೈಯೂ ಬೇಕಾಗುವುದು. ವಿದ್ಯುತ್ತಿನ ಮಗ್ಗವು ಅಂಥ ಸೀರೆಯ ಹೋಲಿಕೆಯನ್ನು ಕೆಲವೇ ಗಂಟೆಗಳಲ್ಲಿ ಇಳಿಸಿಬಿಡುವುದು. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕದಲ್ಲಿ ನೇತಾಡುವುವು. ಗೃಹಿಣಿಯರು ಸೆರಗನ್ನು ತಿರುವಿ ಹಿಂಬದಿಯನ್ನು ನೋಡಬೇಕು. ಅಂಚು ಒಡಲಿಗೆ ಸೇರುವ ಗೆರೆಯಲ್ಲಿ ಎಳೆಗಳು ಒಂದನ್ನೊಂದು ಹಿಡಿದುಕೊಂಡಿರುವುದು ಕಂಡರೆ ಅದು ಕೈಯ ಕೆಲಸ. ಮಗ್ಗದ ಮನೆಗೇ ಹೋಗಿ, ನೇಯುವವರ ಎದುರಿನಲ್ಲಿಯೇ ಸೀರೆಯನ್ನು ಕೊಂಡರೆ, ನಡುವಿನವರ ಕೈಗೆ ಹೋಗುವ ಲಾಭವು ಆ ಮನೆಯ ಮಕ್ಕಳ ಶಾಲೆಯ ಖರ್ಚಿಗೆ ಆಗುವುದು.

ಚೈತ್ರ ವೈಶಾಖಗಳಲ್ಲಿ ಸಂಚಾರ ಬೇಡ. ಬಂಡೆಗಳು ಕಾದು ರಾತ್ರಿಯೂ ಬಿಸಿಯುಸಿರು ಬಿಡುವುವು. ಅದು ಮನೆಯಲ್ಲಿ ಕುಳಿತು ಮುಂದಿನ ಸಂಚಾರಕ್ಕೆ ಯೋಚನೆ ಮಾಡುವ ಕಾಲ.

ನೀರಿನ ಮೇಲೆ

ದೋಣಿಯ ವಿಹಾರವನ್ನು ಬಯಸುವವರು ಈ ತಾಲ್ಲೂಕುಗಳ ಗಡಿಯನ್ನು ದಾಟಿ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಗೆ ಹೋಗಬೇಕು. ವೇದಾವತಿ ನದಿಗೆ ಅಡ್ಡಲಾಗಿ ಅಲ್ಲಿ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸವು ೧೮೯೮ರಲ್ಲಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ ಆರಂಭವಾಗಿ ೧೯೦೭ರಲ್ಲಿ ಮುಗಿಯಿತು. ೧೩೦ ಅಡಿ ನೀರು ನಿಲ್ಲುವ ಈ ಜಲಾಶಯವು ೧೯೩೩ರಲ್ಲಿ ಒಮ್ಮೆ ಕೋಡಿ ಬಿದ್ದಿತು. ಅನಂತರ ೮೯ ವರ್ಷಗಳು ಆ ಕೋಡಿ ಒಣಗಿಯೇ ಇದ್ದಿತು. ಅಜ್ಜ ನೋಡಿದ್ದನ್ನು ಮೊಮ್ಮಗ ನೋಡಿದ್ದು ೨೦೨೨ರ ಸೆಪ್ಟೆಂಬರಿನಲ್ಲಿ. ೨೦೨೫ರ ಜನವರಿಯಲ್ಲಿ ಅದು ಮತ್ತೊಮ್ಮೆ ತುಂಬಿ ಹರಿಯಿತು. ಆ ದಿನಗಳಲ್ಲಿ ಜನರು ಬಾಗಿನದ ಮೊರಗಳನ್ನು ಹಿಡಿದು ಬಂದು, ನೀರಿಗೆ ಕೈಮುಗಿದು ಹೋದರು.

ವಿದೇಶೀಯರು ಬಳಸುವ ಕಯಾಕ್ ಎಂಬ ದೋಣಿ ನಮಗೆ ಅಪೂರ್ವವೆನಿಸಿದರೂ ಅದರ ಹುಟ್ಟು ನಮ್ಮ ಹರಿಗೋಲಿನ ಹುಟ್ಟಿನಂತೆಯೇ ಇದೆ. ಉತ್ತರಧ್ರುವದ ಹಿಮಪ್ರದೇಶದ ಇನ್ಯುಯಿಟ್ ಜನರು ತೇಲಿಬಂದ ಮರದ ತುಂಡುಗಳಿಂದಲೂ ಎಲುಬುಗಳಿಂದಲೂ ಹಂದರವನ್ನು ಕಟ್ಟಿ, ಅದಕ್ಕೆ ನೀರುನಾಯಿಯಂತಿರುವ ಸೀಲ್ ಎಂಬ ಪ್ರಾಣಿಯ ತೊಗಲನ್ನು ಹೊಲಿದು ಬೇಟೆಗೆ ಹೋಗುತ್ತಿದ್ದರು. ನಮ್ಮವರು ಬಿದಿರಿನ ದಬ್ಬೆಯನ್ನು ಬುಟ್ಟಿಯಂತೆ ಹೆಣೆದು, ಅದಕ್ಕೆ ದನದ ತೊಗಲನ್ನು ಬಿಗಿದು ತುಂಗಭದ್ರೆಯನ್ನು ದಾಟಿದರು. ಅದು ಉದ್ದ, ಇದು ದುಂಡು, ಉಪಾಯ ಒಂದೇ. ಜಲಾಶಯದಲ್ಲಿ ದೋಣಿಗೆ ಇಳಿಯುವವರು ಅಧಿಕಾರಿಗಳ ಅನುಮತಿ ಪಡೆದು, ತೇಲುವ ಅಂಗಿಯನ್ನು ತೊಟ್ಟು, ನೀರಿನ ಗುಣವನ್ನು ಬಲ್ಲ ಸ್ಥಳೀಯ ಅಂಬಿಗನೊಡನೆಯೇ ಹೋಗಬೇಕು. ಮಧ್ಯಾಹ್ನದ ಮೇಲೆ ಕಣಿವೆಯ ಗಾಳಿ ಏಳುವುದರಿಂದ ಬೆಳಗಿನ ಹೊತ್ತೇ ಒಳ್ಳೆಯದು.

ಇದೇ ವೇದಾವತಿಯು ಮುಂದೆ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆಗೆ ಹರಿದು ಆಂಧ್ರದೇಶವನ್ನು ಸೇರುವುದು. ಅದರ ದಂಡೆಯ ಬೆಳಗೆರೆಯು ‘ಯೇಗ್ದಾಗೆಲ್ಲಾ ಐತೆ’ ಎಂಬ ಪುಸ್ತಕವನ್ನು ಬರೆದ ಬೆಳಗೆರೆ ಕೃಷ್ಣಶಾಸ್ತ್ರಿಗಳ ಊರು. ನದಿಪಾತ್ರದ ಒಡ್ಡುಗಳಲ್ಲಿ ನೀರು ನಿಂತಿರುವಾಗ ದಂಡೆಯ ದಾರಿ ಬೈಸಿಕಲ್ಲಿಗೆ ಬಹು ರಮಣೀಯ. ಆದರೆ ಅಲ್ಲಿ ಈಜಲು ಇಳಿಯಬಾರದು. ಕೆಸರೂ ಹಳೆಯ ಮರಳುಗುಂಡಿಗಳೂ ಮೇಲಿನಿಂದ ಕಾಣವು.

ಕಾವಲುಗಳ ಕಥೆ

ಈ ಸೀಮೆಯ ಅತಿ ದೊಡ್ಡ ಐಶ್ವರ್ಯವೆಂದರೆ ಹುಲ್ಲುಗಾವಲು. ಮೈಸೂರಿನ ಅರಸರು ಬೆಣ್ಣೆ ಚಾವಡಿ ಎಂದು ಕಟ್ಟಿದ ದನಗಳ ಇಲಾಖೆಗೆ ಟಿಪ್ಪು ಸುಲ್ತಾನನು ಅಮೃತಮಹಲ್ ಎಂದು ಹೆಸರಿಟ್ಟನು. ಆ ಎತ್ತುಗಳು ಫಿರಂಗಿಗಳನ್ನೂ ದಂಡಿನ ಸಾಮಾನನ್ನೂ ಎಳೆಯುತ್ತಿದ್ದುವು. ಅವುಗಳ ಮೇವಿಗೆಂದು ಮೀಸಲಿಟ್ಟ ಕಾವಲುಗಳು ದೊಡ್ಡಉಳ್ಳಾರ್ತಿ, ಕುದಾಪುರ, ವರವು ಮೊದಲಾದ ಕಡೆ ಇದ್ದುವು. ಕೃಷ್ಣಮೃಗಗಳು ಅಲ್ಲಿ ಮೇಯುತ್ತಿದ್ದುವು. ಸುತ್ತಲಿನ ಹಳ್ಳಿಗಳ ಕುರಿದನಗಳಿಗೂ ಮ್ಯಾಸಬೇಡರ ದೇವರ ಎತ್ತುಗಳಿಗೂ ಅದೇ ಆಧಾರ. ದೇವರ ಹೆಸರಿನಲ್ಲಿ ಬಿಟ್ಟ ಈ ಎತ್ತುಗಳನ್ನು ಉಳುವುದಕ್ಕೆ ಹೂಡರು, ಮಾರರು. ಕಿಲಾರಿಗಳು ಅವನ್ನು ಕಾಯುವರು. ಬರ ಬಂದ ವರ್ಷ ಅವುಗಳ ಮೇವಿಗೆ ಪಡುವ ಪಾಡು ಹೇಳತೀರದು.

ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ಸುಮಾರು ಹತ್ತು ಸಾವಿರ ಎಕರೆಯಷ್ಟು ಕಾವಲು ನೆಲವನ್ನು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹಂಚಿಕೊಡಲಾಯಿತು. ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ ೧,೫೦೦ ಎಕರೆ ದೊರೆಯಿತು. ೨೦೧೭ರಲ್ಲಿ ವಿಮಾನಪರೀಕ್ಷಾ ಕೇಂದ್ರವು ಆರಂಭವಾಯಿತು. ಚಂದ್ರಯಾನದ ನೌ಼ಕೆಯ ಉಪಕರಣಗಳನ್ನು ಪರೀಕ್ಷಿಸಲು ಉಳ್ಳಾರ್ತಿಯ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿದರು. ಮರಳಿ ಬಳಸಬಹುದಾದ ‘ಪುಷ್ಪಕ್’ ಎಂಬ ವಾಹನವು ೨೦೨೩ರಲ್ಲಿ ಒಮ್ಮೆಯೂ ೨೦೨೪ರಲ್ಲಿ ಎರಡು ಬಾರಿಯೂ ಇಲ್ಲಿ ತಾನಾಗಿಯೇ ನೆಲಕ್ಕಿಳಿಯಿತು. ಇವೆಲ್ಲ ದೇಶಕ್ಕೆ ಹೆಮ್ಮೆಯ ವಿಷಯಗಳೇ. ಆದರೆ ಬೇಲಿ ಎದ್ದ ದಿನ ದನ ಮೇಯಿಸುವವನ ದಾರಿ ಮುಚ್ಚಿತು. ಹಳ್ಳಿಗರ ಅಳಲು ರಾಷ್ಟ್ರೀಯ ಹಸಿರು ನ್ಯಾಯಪೀಠದ ಚೆನ್ನೈ ಶಾಖೆಯವರೆಗೂ ಹೋಯಿತು. ಚಂದ್ರನ ಕುಳಿಯೂ ಬೇಕು, ಹಸುವಿನ ಹುಲ್ಲೂ ಬೇಕು ಎಂದರೆ ಉಳಿದಿರುವ ಹುಲ್ಲುಗಾವಲನ್ನಾದರೂ ಬಂಜರು ಎಂಬ ಹೆಸರಿನಿಂದ ಕರೆಯುವುದನ್ನು ನಾವು ಬಿಡಬೇಕು. ಮೋಟಾರಿನಿಂದ ನೋಡಿದವನಿಗೆ ಅದು ಬಂಜರಾಗಿಯೇ ಕಾಣುವುದು. ಬೈಸಿಕಲ್ಲಿನಿಂದ ಇಳಿದು, ಮಳೆ ಕಳೆದ ಕಾರ್ತಿಕದಲ್ಲಿ ತೊಡೆಯೆತ್ತರದ ಹುಲ್ಲಿನ ಅಂಚಿನಲ್ಲಿ ನಿಂತವನು ಆ ಮಾತನ್ನು ಆಡಲಾರನು.

ಬೇಲಿಯ ಹತ್ತಿರ ಹೋಗುವವರು ಅಲ್ಲಿಯ ನಿಷೇಧಗಳನ್ನು ಮೀರಬಾರದು, ಭಾವಚಿತ್ರ ತೆಗೆಯಬಾರದು. ದೇವರ ಎತ್ತುಗಳ ರೊಪ್ಪವನ್ನು ನೋಡಬೇಕೆಂದರೆ ಕಿಲಾರಿಯ ಒಪ್ಪಿಗೆ ಪಡೆದು, ಮೆಟ್ಟನ್ನು ಹೊರಗೆ ಬಿಟ್ಟು ಹೋಗತಕ್ಕದ್ದು.

ದಾರಿ ಬಲ್ಲವರು

ಇಷ್ಟು ಹೇಳಿದ ಮೇಲೆ ಉಳಿಯುವುದು ದಾರಿ ತೋರಿಸುವವನ ಮಾತು. ಈ ಎರಡು ತಾಲ್ಲೂಕುಗಳ ಹುಡುಗರು ಹೈಸ್ಕೂಲು ಮುಗಿಸಿ ಬೆಂಗಳೂರಿನ ಗಾರೆಕೆಲಸಕ್ಕೋ ಕಾವಲುಗಾರಿಕೆಗೋ ಹೊರಟುಹೋಗುವುದು ಸಾಮಾನ್ಯವಾಗಿದೆ. ಯಾವ ಹಳ್ಳದಲ್ಲಿ ಯಾವ ತಿಂಗಳು ನೀರಿರುವುದು, ಯಾವ ಗುಡ್ಡದಲ್ಲಿ ಕರಡಿಯ ಗವಿಯಿರುವುದು, ಯಾವ ಮನೆಯ ಅಜ್ಜಿಗೆ ಗಾದರಿ ಪಾಲನಾಯಕನ ಕಥೆ ಪೂರ್ತಿಯಾಗಿ ಬರುವುದು ಎಂಬುದನ್ನೆಲ್ಲ ಬಲ್ಲವನು ಅಲ್ಲಿ ಹೆಸರಿಲ್ಲದ ಕೂಲಿಯಾಗುವನು. ಇಲ್ಲಿಯೇ ಹತ್ತು ಬೈಸಿಕಲ್ಲುಗಳನ್ನು ಇಟ್ಟುಕೊಂಡು, ಬ್ರಾಹ್ಮೀ ಲಿಪಿಯ ನಾಲ್ಕು ಅಕ್ಷರಗಳನ್ನೂ ಗಾಯಕ್ಕೆ ಪಟ್ಟಿ ಕಟ್ಟುವ ವಿಧಾನವನ್ನೂ ಕಲಿತುಕೊಂಡರೆ, ಅವನ ತಿಳಿವಳಿಕೆಯೇ ಅವನಿಗೆ ಬಂಡವಾಳವಾಗುವುದು. ಶಾಲೆಯ ಉಪಾಧ್ಯಾಯರೂ ಗ್ರಾಮ ಪಂಚಾಯಿತಿಯವರೂ ಮನಸ್ಸು ಮಾಡಿದರೆ ಇದು ಅಸಾಧ್ಯವಲ್ಲ. ಆದರೆ ಕರೆದೊಯ್ಯುವವನಿದ್ದೂ ಬರುವವರಿಲ್ಲದಿದ್ದರೆ ಫಲವೇನು?

ಆದುದರಿಂದ ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಬರುವ ಕಾರ್ತಿಕದಲ್ಲಿ ಎರಡು ದಿನಗಳ ಬಿಡುವು ಮಾಡಿಕೊಳ್ಳಿರಿ. ದೂರದ ಬೆಟ್ಟದೂರುಗಳಲ್ಲಿ ವಸತಿಗೃಹಕ್ಕೆ ಸುರಿಯುವ ಹಣದಲ್ಲಿ ನಾಲ್ಕನೆಯ ಒಂದು ಪಾಲೂ ಇಲ್ಲಿ ಬೇಕಾಗದು. ಮಕ್ಕಳ ಬೈಸಿಕಲ್ಲುಗಳ ಗಾಳಿಯನ್ನು ನೋಡಿಸಿರಿ, ಬುತ್ತಿಯನ್ನು ಕಟ್ಟಿರಿ, ಚಳ್ಳಕೆರೆಯ ನಿಲ್ದಾಣದಲ್ಲಿ ಇಳಿದು ದಾರಿ ಬಲ್ಲವನೊಬ್ಬನನ್ನು ವಿಚಾರಿಸಿರಿ. ಹಿಂದಿರುಗುವಾಗ ಒಂದು ಕಂಬಳಿಯನ್ನೂ, ಅನುಕೂಲವಿದ್ದರೆ ಒಂದು ಸೀರೆಯನ್ನೂ, ಒಂದು ಚೀಲ ಶೇಂಗಾವನ್ನೂ ಬೆಳೆದವರ, ನೇಯ್ದವರ ಕೈಯಿಂದಲೇ ಕೊಂಡುತನ್ನಿರಿ. ಬಡವೆಂದು ನಾವು ದಾಟಿಹೋಗುತ್ತಿದ್ದ ನಾಡಿನಲ್ಲಿ ನೋಡಲು ಎಷ್ಟಿದ್ದಿತೆಂಬುದು ಆಗ ಮನೆಮಂದಿಗೆಲ್ಲ ತಿಳಿಯುವುದು.